ಮುಪ್ಪಿನ ಬಾಳಿಗೆ ಮನೆಯನ್ನು ಅಣಿಗೊಳಿಸುವುದು



ಶ್ರೀಮಠದ ಕಾರ್ಯನಿಮಿತ್ತ ವಿರಾಜಪೇಟೆ ಸೀಮೆಯ ಭಕ್ತರ ಮನೆಗಳಿಗೆ ಹೋದಾಗಲೆಲ್ಲ ನಮಗೆ ಎದುರಾಗುವ ಪ್ರಶ್ನೆಯೊಂದಿದೆ. ಅರವತ್ತು ದಾಟಿದ ದಂಪತಿಗಳು ಕಾಫಿ ಕೊಟ್ಟು, ಕುಶಲ ಕೇಳಿ, ಕೊನೆಗೆ ದನಿ ತಗ್ಗಿಸಿ ಕೇಳುತ್ತಾರೆ: "ಮಕ್ಕಳು ಬೆಂಗಳೂರಿಗೆ ಬಂದುಬಿಡಿ ಎನ್ನುತ್ತಿದ್ದಾರೆ. ನಮಗೆ ಈ ಮನೆ ಬಿಡಲು ಮನಸ್ಸಿಲ್ಲ. ಇಲ್ಲಿಯೇ ಇರುವುದು ತಪ್ಪೇ?"

ತಪ್ಪಲ್ಲ ಎಂಬುದೇ ನಮ್ಮ ಉತ್ತರ. ಬಾಳಿದ ಮನೆಯಲ್ಲಿ, ಬಲ್ಲ ಜನರ ನಡುವೆ, ತಾವೇ ನೆಟ್ಟ ಗಿಡಗಳ ನೆರಳಿನಲ್ಲಿ ಮುಪ್ಪನ್ನು ಕಳೆಯಬೇಕೆಂಬುದು ಸಹಜವಾದ ಬಯಕೆ. ಆದರೆ ಬಯಸಿದ ಮಾತ್ರಕ್ಕೆ ಅದು ನಡೆಯದು. ನಲವತ್ತರ ಪ್ರಾಯದಲ್ಲಿ ಕಟ್ಟಿಸಿದ ಮನೆಯು ನಲವತ್ತರ ಮೈಗೆ ಒಪ್ಪುವಂತೆ ಇರುತ್ತದೆ. ಎಂಬತ್ತರ ಮೈಗೆ ಒಪ್ಪುವಂತೆ ಅದನ್ನು ಮತ್ತೊಮ್ಮೆ ಅಣಿಗೊಳಿಸಬೇಕು. ಆ ಕೆಲಸವನ್ನು ಕೈಕಾಲು ಗಟ್ಟಿಯಿರುವಾಗಲೇ ಮುಗಿಸಬೇಕೆಂಬುದು ಈ ಲೇಖನದ ತಿರುಳು.

ಮಾಕುಟ್ಟದ ಉದಾಹರಣೆಯನ್ನೇ ಎದುರಿಗಿಟ್ಟುಕೊಂಡು ಇದನ್ನು ವಿವರಿಸುತ್ತೇವೆ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಘಟ್ಟ ಇಳಿದರೆ ಕೇರಳದ ಗಡಿಗೆ ಅಂಟಿಕೊಂಡಿರುವ ಊರು ಇದು. ಸುತ್ತ ದಟ್ಟ ಕಾಡು. ಬ್ರಹ್ಮಗಿರಿ ವನ್ಯಜೀವಿ ಧಾಮದ ಸೆರಗು. ಮುಂದೆ ಕೂಟುಪುಳ, ಇರಿಟ್ಟಿ, ಕಣ್ಣೂರು. ಇಲ್ಲಿನ ಬದುಕಿಗೆ ಆಧಾರವಾಗಿರುವುದು ಒಂದೇ ರಸ್ತೆ. ಮಾಕುಟ್ಟದಲ್ಲಿ ಮುಪ್ಪನ್ನು ನೆಮ್ಮದಿಯಿಂದ ಕಳೆಯಬಲ್ಲಂತೆ ಸಿದ್ಧಗೊಂಡ ಮನೆಯು ಕೊಡಗಿನ ಬೇರೆಲ್ಲಿಯಾದರೂ ಸಾಕಾಗುತ್ತದೆ.

ಬಿದ್ದ ಮೇಲಲ್ಲ, ಬೀಳುವ ಮುನ್ನ

ಮೊದಲು ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ನಮ್ಮ ತಾಯಿಯವರು ಹಳೆಯ ಮನೆಯಲ್ಲಿ ಒಬ್ಬರೇ ಇದ್ದರು. ಬಚ್ಚಲುಮನೆಗೆ ಇಳಿಯಲು ಒಂದು ಮೆಟ್ಟಿಲಿತ್ತು. ಅದರ ಪಕ್ಕದ ಗೋಡೆಗೆ ಹಿಡಿಕೆಯೊಂದನ್ನು ಹಾಕಿಸಬೇಕೆಂದು ನಾವು ಎರಡು ವರ್ಷ ಅಂದುಕೊಳ್ಳುತ್ತಲೇ ಇದ್ದೆವು. ಒಮ್ಮೆ ಗಾರೆ ಕೆಲಸದವರು ಸಿಗಲಿಲ್ಲ. ಇನ್ನೊಮ್ಮೆ ಮಳೆ ಕಳೆಯಲಿ ಎಂದೆವು. ಒಂದು ಆಷಾಢದ ಬೆಳಗಿನ ಜಾವ ತಾಯಿಯವರು ಆ ಮೆಟ್ಟಿಲಿನಲ್ಲೇ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ ಮೂಳೆ ಕೂಡಿತಾದರೂ ಅವರು ಮತ್ತೆ ಆ ಮನೆಗೆ ಹಿಂದಿರುಗಲಾಗಲಿಲ್ಲ. ಕೊನೆಯ ಮೂರು ವರ್ಷ ನಮ್ಮ ಬಾಡಿಗೆ ಮನೆಯ ಕೋಣೆಯಲ್ಲಿದ್ದುಕೊಂಡು, "ಮನೆಗೆ ಯಾವಾಗ ಹೋಗೋಣ?" ಎಂದು ಕೇಳುತ್ತಿದ್ದರು. ಹಿಡಿಕೆಯನ್ನು ಆಮೇಲೆ ಹಾಕಿಸಿದೆವು. ಹಿಡಿದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಇದು ನಮ್ಮೊಂದು ಮನೆಯ ಕಥೆಯಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದ ಪೆಟ್ಟಿನಿಂದ ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದು. ಹೀಗೆ ಬಿದ್ದು ಸಾಯುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಸೊಂಟದ ಮೂಳೆ ಮುರಿದರೆ ಸಾಧ್ಯವಾದಷ್ಟು ಬೇಗ, 48 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾಗುವುದು ಒಳಿತೆಂದು ವೈದ್ಯರು ಹೇಳುತ್ತಾರೆ. ಘಟ್ಟದ ರಸ್ತೆ ಕಡಿದುಹೋದ ದಿನ ಆ ಗಂಟೆಗಳು ಎಷ್ಟು ಬೇಗ ಸರಿದುಹೋಗುವುವೆಂದು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರಿ ನೌಕರರಿಗೆ ಅರವತ್ತನೆಯ ವಯಸ್ಸಿನಲ್ಲಿ ನಿವೃತ್ತಿಯ ಆದೇಶಪತ್ರ ಬರುತ್ತದೆ. ಕೈಗೆ ಇಡಿಗಂಟೂ ಬರುತ್ತದೆ. ಆ ಹಣದಲ್ಲಿ ಮಹಡಿ ಏರಿಸುವವರನ್ನು, ಕಾರು ಕೊಳ್ಳುವವರನ್ನು ಕಂಡಿದ್ದೇವೆ. ಮೊದಲ ಪಾಲು ನೆಲಮಹಡಿಯ ಬಚ್ಚಲಿಗೆ ಸಲ್ಲಲಿ ಎಂಬುದು ನಮ್ಮ ವಿನಂತಿ. ಬೆಳೆಗಾರರಿಗೆ ಮತ್ತು ಕೂಲಿ ಕಾಯಕದವರಿಗೆ ಇಂತಹ ಆದೇಶಪತ್ರ ಬರುವುದಿಲ್ಲ. ಅವರು ತಮ್ಮ ಅರವತ್ತನೆಯ ವರ್ಷವನ್ನೇ ಆದೇಶಪತ್ರವೆಂದು ಭಾವಿಸಿ ಈ ಕೆಲಸಕ್ಕೆ ತೊಡಗಬೇಕು.

ಬಚ್ಚಲುಮನೆ ಮೊದಲು

ಮನೆಯಲ್ಲಿ ಒಂದೇ ಕೋಣೆಯನ್ನು ಸರಿಪಡಿಸುವಷ್ಟು ಹಣವಿದ್ದರೆ ಅದು ಬಚ್ಚಲುಮನೆಯಾಗಿರಲಿ. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಿಲ ಕಡೆಗೆ, ಶೌಚಾಲಯ ಇನ್ನೂ ಆಚೆಗೆ. ಮಾಕುಟ್ಟದಂತಹ ಕಾಡಂಚಿನ ಊರಿನಲ್ಲಿ ಇರುಳು ಹೊರಗಿನ ಶೌಚಾಲಯಕ್ಕೆ ಹೋಗುವುದೆಂದರೆ ಜಾರುವ ನೆಲ, ಹಾವು, ಆನೆ ಎಲ್ಲವನ್ನೂ ಒಟ್ಟಿಗೆ ಎದುರಿಸಿದಂತೆ. ಮಲಗುವ ಕೋಣೆಗೆ ಹೊಂದಿಕೊಂಡಂತೆ ಮಾಡಿನ ಒಳಗೇ ಒಂದು ಶೌಚಾಲಯ ಬೇಕು. ಕುಕ್ಕರುಗಾಲಿನಲ್ಲಿ ಕೂತು ಏಳಲು ಮಂಡಿ ಒಪ್ಪದ ದಿನ ಬಂದೇ ಬರುತ್ತದೆ. ಆದುದರಿಂದ ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರದ ಕಮೋಡನ್ನು ಈಗಲೇ ಕೂರಿಸುವುದು ಒಳ್ಳೆಯದು.

ಕಮೋಡಿನ ಪಕ್ಕದ ಗೋಡೆಗೂ ಸ್ನಾನದ ಜಾಗದ ಗೋಡೆಗೂ ಉಕ್ಕಿನ ಹಿಡಿಕೆಗಳಿರಲಿ. ಅವು ಕೈಯ ಮುಷ್ಟಿಗೆ ತುಂಬುವಷ್ಟು, ಎಂದರೆ ಮೂರೂವರೆ ಸೆಂಟಿಮೀಟರಿನ ಆಸುಪಾಸಿನ ದಪ್ಪವಿದ್ದರೆ ಸಾಕು. ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಟವೆಲ್ ಹಾಕುವ ಸರಳು ಹಿಡಿಕೆಯಲ್ಲ; ಮೈಭಾರ ಬಿದ್ದೊಡನೆ ಅದು ಕಿತ್ತು ಬರುತ್ತದೆ. ಎರಡನೆಯದಾಗಿ, ಮಣ್ಣಿನ ಗೋಡೆಯಾಗಲಿ ಹಳೆಯ ಜಂಬಿಟ್ಟಿಗೆಯ ಗೋಡೆಯಾಗಲಿ ಬರಿಯ ತಿರುಪುಮೊಳೆಯನ್ನು ಬಿಗಿಯಾಗಿ ಹಿಡಿಯಲಾರದು. ಅಂತಹ ಕಡೆ ಗೋಡೆಯ ಆಚೆಬದಿಗೆ ಕಬ್ಬಿಣದ ಪಟ್ಟಿಯಿಟ್ಟು ಬೋಲ್ಟು ಬಿಗಿಸಬೇಕು, ಇಲ್ಲವೇ ಕಾಂಕ್ರೀಟಿನಲ್ಲಿ ಕಂಬಿಯನ್ನು ನೆಲಕ್ಕೇ ಹೂಳಬೇಕು. ಕೆಲಸ ಮುಗಿದ ದಿನ ಮನೆಯ ಗಟ್ಟಿ ಆಳೊಬ್ಬರು ಅದಕ್ಕೆ ಪೂರ್ತಿ ಜೋತುಬಿದ್ದು ಪರೀಕ್ಷಿಸಲಿ.

ನುಣುಪಾದ ಟೈಲ್ಸ್ ಬೇಡ. ಒರಟು ಮೈಯವನ್ನೇ ಆರಿಸಬೇಕು. ಸ್ನಾನಕ್ಕೆ ಕೂರಲು ಗಟ್ಟಿಯಾದ ಸ್ಟೂಲು, ನೀರು ಮೊಗೆಯಲು ಬಗ್ಗದಂತೆ ಎತ್ತರದಲ್ಲಿಟ್ಟ ಬಕೆಟ್ ಇರಲಿ. ಹಂಡೆ ಒಲೆಯಿರುವ ಮನೆಗಳಲ್ಲಿ ಕುದಿನೀರನ್ನು ಎತ್ತಿ ಸುರಿಯುವ ಬದಲು ಹಂಡೆಗೆ ನಲ್ಲಿ ಹಾಕಿಸಿಕೊಳ್ಳಬೇಕು. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಒಳಗೆ ಬಿದ್ದವರ ಬಳಿಗೆ ಹೋಗುವುದು ಸುಲಭ. ಒಳಚಿಲಕದ ಬದಲು ಹೊರಗಿನಿಂದಲೂ ತೆರೆಯಬಹುದಾದ ಚಿಲಕ ಇನ್ನೂ ಉತ್ತಮ. ಗಾಲಿಕುರ್ಚಿ ಹೋಗಬೇಕಾದರೆ ಬಾಗಿಲಿನ ತೆರವು 80ರಿಂದ 90 ಸೆಂಟಿಮೀಟರ್ ಬೇಕಾಗುತ್ತದೆ. ಹೊಸ ಬಾಗಿಲು ಇಡುವವರು ಇದನ್ನು ಈಗಲೇ ಗಮನಿಸಲಿ.

ಹೊಸ್ತಿಲು, ಮೆಟ್ಟಿಲು, ಬೆಳಕು

ಹೊಸ್ತಿಲು ನಮಗೆ ಪೂಜ್ಯ. ಪ್ರಧಾನ ಬಾಗಿಲಿನ ಹೊಸ್ತಿಲನ್ನು ತೆಗೆಯಿರೆಂದು ನಾವು ಹೇಳುತ್ತಿಲ್ಲ. ಆದರೆ ಒಳಕೋಣೆಗಳ ನಡುವಣ ಹೊಸ್ತಿಲುಗಳನ್ನು ನೆಲದ ಮಟ್ಟಕ್ಕೆ ಇಳಿಸಬಹುದು, ಇಲ್ಲವೇ ಎರಡೂ ಬದಿಗೆ ಸಣ್ಣ ಇಳಿಜಾರು ಕೊಡಬಹುದು. ಉಳಿದ ಹೊಸ್ತಿಲುಗಳ ಅಂಚಿಗೆ ಎದ್ದು ಕಾಣುವ ಹಳದಿ ಬಣ್ಣ ಬಳಿದರೆ ಎಡವುವುದು ತಪ್ಪುತ್ತದೆ. ಮಳೆಗಾಲದಲ್ಲಿ ಬಾಗಿಲುಬಾಗಿಲಿಗೂ ಗೋಣಿತಾಟು ಹಾಸುವ ರೂಢಿ ನಮ್ಮಲ್ಲಿದೆ. ಸಾರಿಸಿದ ಕಾವಿನೆಲದ ಮೇಲೆ ಆ ಒದ್ದೆ ಗೋಣಿ ಕಾಲಡಿಯಲ್ಲೇ ಜಾರುತ್ತದೆ. ಅದರ ಬದಲು ಅಡಿಯಲ್ಲಿ ರಬ್ಬರ್ ಇರುವ ಹಾಸು ಬಳಸಬೇಕು.

ಮನೆಯ ಮುಂದಿನ ಮೆಟ್ಟಿಲುಗಳಿಗೆ ಎರಡೂ ಬದಿಯಲ್ಲಿ ಹಿಡಿಕಂಬಿ ಬೇಕು. ಹತ್ತುವಾಗ ಬಲಗೈಗೆ ಸಿಕ್ಕ ಕಂಬಿ ಇಳಿಯುವಾಗ ಎಡಗೈಗೆ ಬರುತ್ತದೆ. ಇಳಿಜಾರು ಹಾದಿ ಮಾಡಿಸುವವರು ಒಂದು ಲೆಕ್ಕವನ್ನು ಮರೆಯಬಾರದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಒಂದೂವರೆ ಅಡಿ ಎತ್ತರದ ಜಗಲಿಗೆ ಹದಿನೆಂಟು ಅಡಿಯ ಹಾದಿ ಆಗುತ್ತದೆ. ಜಾಗವಿಲ್ಲವೆಂದು ಕಡಿದಾಗಿ ಮಾಡಿಸಿದ ಇಳಿಜಾರು ಮಳೆಯಲ್ಲಿ ಮೆಟ್ಟಿಲಿಗಿಂತ ಅಪಾಯಕಾರಿ.

ಬೆಳಕಿನ ಬಗ್ಗೆ ನಾವು ಅಷ್ಟಾಗಿ ಯೋಚಿಸುವುದಿಲ್ಲ. ಇಪ್ಪತ್ತರ ಕಣ್ಣಿನೊಳಗೆ ಇಳಿಯುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗವಷ್ಟೇ ಅರವತ್ತರ ಕಣ್ಣಿನೊಳಗೆ ಇಳಿಯುತ್ತದೆ. ಮಾಡಿನ ಮನೆಗಳೋ ಹಗಲಿನಲ್ಲೂ ಮಬ್ಬು. ಮಾಡಿನಲ್ಲಿ ಅಲ್ಲಲ್ಲಿ ಗಾಜಿನ ಹೆಂಚು, ಹಾಸಿಗೆಯಿಂದ ಬಚ್ಚಲಿನವರೆಗೆ ಇರುಳೆಲ್ಲ ಉರಿಯುವ ಸಣ್ಣ ದೀಪಗಳು, ಮಲಗಿದಲ್ಲಿಂದಲೇ ಕೈಗೆಟಕುವ ಸ್ವಿಚ್ಚು, ದಿಂಬಿನ ಬಳಿ ಟಾರ್ಚು, ಇವು ಹೆಚ್ಚು ಖರ್ಚಿಲ್ಲದ ಏರ್ಪಾಡುಗಳು. ರಕ್ತದೊತ್ತಡದ ಮಾತ್ರೆ ನುಂಗುವವರು ಇರುಳು ತಟ್ಟನೆ ಎದ್ದು ನಡೆಯದೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ತಲೆಸುತ್ತಿಲ್ಲವೆಂದು ಖಚಿತವಾದ ಮೇಲೆ ಏಳಬೇಕು.

ಪೂಜೆಯ ಮಣೆ

ನೆಲದ ಮೇಲೆ ಕೂತು ಇಷ್ಟಲಿಂಗ ಪೂಜೆ ಮಾಡಲಾಗದೆಂದು ಕೊರಗುವ ಹಿರಿಯರನ್ನು ಕಂಡಿದ್ದೇವೆ. ಕೆಲವರು ಹಟದಿಂದ ಕೂತು ಏಳಲಾರದೆ ಮುಗ್ಗರಿಸಿದ್ದಾರೆ. ಇಷ್ಟಲಿಂಗವು ಪೂಜೆಗೊಳ್ಳುವುದು ಕರಸ್ಥಲದಲ್ಲಿ. ಮಣೆಯ ಮೇಲೆ ಕೂತರೂ ಕುರ್ಚಿಯ ಮೇಲೆ ಕೂತರೂ ಕರಸ್ಥಲ ಅದೇ, ನಿಷ್ಠೆಯೂ ಅದೇ. ತೋಳಿರುವ ಗಟ್ಟಿ ಕುರ್ಚಿಯೊಂದು ಪೂಜೆಯ ಕೋಣೆಗೆ ಬರಲಿ. ವಿಭೂತಿ, ಪತ್ರೆ, ಅಗ್ಘವಣಿಗಳು ಕೈಗೆಟಕುವ ಎತ್ತರದ ಪೀಠದ ಮೇಲಿರಲಿ. ಉರಿಯುವ ದೀಪ ಸೆರಗಿಗೆ ತಾಗದಷ್ಟು ದೂರವಿರಲಿ. ಅಡುಗೆಮನೆಗೂ ಇದೇ ನಿಯಮ ಸಲ್ಲುತ್ತದೆ. ದಿನಬಳಕೆಯ ಪಾತ್ರೆ, ಡಬ್ಬಗಳು ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿರಬೇಕು. ಅಟ್ಟ ಹತ್ತುವ ಕೆಲಸ ಇನ್ನು ಕಿರಿಯರದು.

ಅಂಗಳ ಮತ್ತು ಕಾಡು

ಮುಂಗಾರು ಹಿಡಿದರೆ ಅಂಗಳದ ಕಲ್ಲಿನ ಮೇಲೆ ವಾರದೊಳಗೆ ಪಾಚಿ ಕಟ್ಟುತ್ತದೆ. ಮನೆಯಿಂದ ಗೇಟಿನವರೆಗೆ, ಬಾವಿಯವರೆಗೆ ಒಂದು ಹಾದಿಯನ್ನಾದರೂ ಒರಟು ಕಾಂಕ್ರೀಟಿನಿಂದ ಮಾಡಿಸಿ, ಬದಿಗೆ ಕಂಬಿ ಹಾಕಿಸಿ, ಆಗಾಗ ಸುಣ್ಣ ಇಲ್ಲವೇ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಬೇಕು. ಸೌದೆಯ ರಾಶಿಯನ್ನು ಗೋಡೆಗೆ ಒತ್ತಿ ಪೇರಿಸಿದರೆ ಹಾವಿಗೆ ಆಶ್ರಯ ಕೊಟ್ಟಂತೆ. ಮಳೆಗೆ ಮುನ್ನವೇ ಒಂದು ತಿಂಗಳ ಸೌದೆಯನ್ನು ಒಳಗೆ ತರಿಸಿಟ್ಟುಕೊಳ್ಳಬೇಕು. ಹಲಸು ಹಣ್ಣಾಗುವ ಕಾಲಕ್ಕೆ ಆನೆಗಳು ಆ ವಾಸನೆ ಹಿಡಿದು ಅಂಗಳಕ್ಕೇ ಬರುತ್ತವೆ. ಮನೆಗೆ ಹತ್ತಿರದ ಮರದ ಕಾಯಿಗಳನ್ನು ಎಳೆಯದರಲ್ಲೇ ಕೀಳಿಸುವುದು ಲೇಸು. ಮನೆಯ ಹಿಂದಿನ ಬರೆಯಲ್ಲಿ ಬಿರುಕು ಕಂಡರೆ, ಒರತೆಯ ನೀರು ಕೆಂಪಾಗಿ ಹರಿದರೆ, ನೆಟ್ಟಗಿದ್ದ ಮರ ವಾಲಿದರೆ ಆ ಹೊತ್ತಿಗೇ ಮನೆ ಬಿಟ್ಟು ಹೊರಡಬೇಕು. ಆಗ ಹಿಡಿಕೆಯಾಗಲಿ ದೀಪವಾಗಲಿ ಯಾವ ಏರ್ಪಾಡೂ ನೆರವಿಗೆ ಬಾರದು.

ಮಳೆಗಾಲದ ನಾಲ್ಕು ತಿಂಗಳು

2018ರ ಜೂನ್ ತಿಂಗಳಿನಲ್ಲಿ ಮಾಕುಟ್ಟದ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ವಾರಗಟ್ಟಲೆ ಮುಚ್ಚಿಹೋಯಿತು. ಅದೇ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಣ ಗುಡ್ಡಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮದ ದುರಂತ ನಡೆಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಸೋಂಕಿನ ಭೀತಿಯಿಂದ ಗಡಿಯ ರಸ್ತೆಗೆ ಮಣ್ಣು ಸುರಿದು ಮುಚ್ಚಿದರು. ಇತ್ತ ಮಳೆಯಿರಲಿಲ್ಲ, ಆದರೂ ಅತ್ತ ಇರಿಟ್ಟಿಗೆ ಹೋಗುವ ದಾರಿಯಿರಲಿಲ್ಲ. ಮಾಕುಟ್ಟದ ಮನೆಯವರು ಇದರಿಂದ ಕಲಿಯಬೇಕಾದ ಪಾಠ ಒಂದೇ: ಆಸ್ಪತ್ರೆಗೆ ಎರಡು ದಾರಿ ಗೊತ್ತಿರಬೇಕು, ಒಂದನ್ನೇ ನಂಬಿ ಕೂರಬಾರದು. ಘಟ್ಟ ಹತ್ತಿದರೆ ವಿರಾಜಪೇಟೆಯ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಮಡಿಕೇರಿಯ ವೈದ್ಯಕೀಯ ಕಾಲೇಜು. ಇಳಿದರೆ ಇರಿಟ್ಟಿ, ಕಣ್ಣೂರು. ಎರಡೂ ಕಡೆಗೆ ವೈದ್ಯರ ಚೀಟಿಗಳ ನಕಲು, ನುಂಗುವ ಮಾತ್ರೆಗಳ ಪಟ್ಟಿ, ವಿಮೆಯ ಕಾಗದ ಒಂದೇ ಚೀಲದಲ್ಲಿ ಸಿದ್ಧವಾಗಿರಲಿ.

ಮುಖ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಸೂಚನೆ. ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೂ ಮುನ್ನ ತಲೆಯ ಸ್ಕ್ಯಾನ್ ಆಗಬೇಕು. ಆದುದರಿಂದ ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಬೇಕು. ಬಿದ್ದವರ ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಅವರನ್ನು ತೋಳು ಹಿಡಿದು ಎಬ್ಬಿಸಬಾರದು. ಹಲಗೆ ಇಲ್ಲವೇ ಬಾಗಿಲ ಪಡಿಯ ಮೇಲೆ ಮಲಗಿಸಿಯೇ ಸಾಗಿಸಬೇಕು.

ದೂರವಾಣಿಯ ಮಾತೂ ಇದೆ. 108 ಆಂಬುಲೆನ್ಸಿಗೆ, 112 ಎಲ್ಲ ತುರ್ತಿಗೆ, 14567 ಹಿರಿಯ ನಾಗರಿಕರ ಸಹಾಯವಾಣಿಗೆ. ಗಡಿಯಲ್ಲಿ ಮೊಬೈಲು ನೆರೆರಾಜ್ಯದ ಗೋಪುರವನ್ನು ಹಿಡಿಯಬಹುದು. ಕರೆ ಎತ್ತಿದವರಿಗೆ ಮೊದಲ ಮಾತಿನಲ್ಲೇ ಊರು, ತಾಲ್ಲೂಕು, ಜಿಲ್ಲೆ, ರಾಜ್ಯವನ್ನು ತಿಳಿಸಬೇಕು. ಘಟ್ಟದಲ್ಲಿ ಸಿಗ್ನಲ್ ಸಿಗದ ತಾಣಗಳು ಹಲವು. ಹೀಗಾಗಿ ಮನೆಯಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವ ಜಾಗವನ್ನು ಗುರುತಿಸಿ ಅಲ್ಲಿಯೇ ಕೂರುವ ಕುರ್ಚಿಯಿಡಬೇಕು. ಬೆಳಗ್ಗೆ ಇಂತಿಷ್ಟು ಹೊತ್ತಿಗೆ ಕರೆ ಬಾರದಿದ್ದರೆ ಬಂದು ಬಾಗಿಲು ತಟ್ಟುವ ನೆರೆಯವರೊಬ್ಬರಿಗೆ ಮನೆಯ ಇನ್ನೊಂದು ಬೀಗದಕೈ ಕೊಟ್ಟಿರಬೇಕು.

ಜೂನ್ ಒಂದರೊಳಗೆ ಕನಿಷ್ಠ ಒಂದು ತಿಂಗಳ ಮಾತ್ರೆ, ದಿನಸಿ, ಮೇಣದಬತ್ತಿ, ತುಂಬಿದ ಗ್ಯಾಸ್ ಸಿಲಿಂಡರ್ ಮನೆಯಲ್ಲಿರಲಿ. ಕರೆಂಟು ದಿನಗಟ್ಟಲೆ ಹೋಗುವುದು ಇಲ್ಲಿ ಹೊಸದಲ್ಲ; ಇನ್ವರ್ಟರಾಗಲಿ ಸೌರದೀಪವಾಗಲಿ ಇದ್ದರೆ ಒಳಿತು. ಇನ್ಸುಲಿನ್ ಬಳಸುವವರು, ತೆರೆದ ಸೀಸೆಯನ್ನು ತಂಪಾದ ಒಳಕೋಣೆಯಲ್ಲಿ ಎಷ್ಟು ದಿನ ಇಡಬಹುದೆಂದು ತಮ್ಮ ವೈದ್ಯರಿಂದ ಮೊದಲೇ ತಿಳಿದುಕೊಳ್ಳಬೇಕು. ಹಲವು ಬಗೆಗಳು ನಾಲ್ಕು ವಾರದವರೆಗೆ ಕೆಡುವುದಿಲ್ಲ.

ಮನೆಯ ಕಾಗದಪತ್ರ

ಮನೆಯನ್ನು ಎಷ್ಟೇ ಚೆನ್ನಾಗಿ ಅಣಿಗೊಳಿಸಿದರೂ ಅದು ತಮ್ಮ ಹೆಸರಿನಲ್ಲಿ ಉಳಿದಿದ್ದರಷ್ಟೇ ನೆಮ್ಮದಿ. ಪ್ರೀತಿಯಿಂದಲೋ ಒತ್ತಾಯದಿಂದಲೋ ದಾನಪತ್ರ ಬರೆದುಕೊಟ್ಟು ಆಮೇಲೆ ತಮ್ಮ ಮನೆಯಲ್ಲೇ ಅತಿಥಿಗಳಾದ ಹಿರಿಯರು ಮಠದ ಬಾಗಿಲಿಗೆ ಬಂದುದುಂಟು. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 23ನೆಯ ಕಲಮಿನ ಪ್ರಕಾರ, ಪಡೆದುಕೊಳ್ಳುವವರು ಹಿರಿಯರಿಗೆ ಮೂಲಭೂತ ಸೌಕರ್ಯ ಮತ್ತು ಆರೈಕೆ ಒದಗಿಸಬೇಕೆಂಬ ಷರತ್ತಿನೊಂದಿಗೆ ಆಸ್ತಿ ವರ್ಗಾಯಿಸಿದ್ದು, ಅವರು ಅದಕ್ಕೆ ತಪ್ಪಿದರೆ, ಆ ವರ್ಗಾವಣೆಯನ್ನು ಅನೂರ್ಜಿತವೆಂದು ನ್ಯಾಯಮಂಡಳಿ ಘೋಷಿಸಬಹುದು. ಆದುದರಿಂದ ಆ ಷರತ್ತು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ದೂರು ಸಲ್ಲಿಸುವುದು ಉಪವಿಭಾಗಾಧಿಕಾರಿಗಳ ಬಳಿ. ಇದಕ್ಕಿಂತ ಸರಳವಾದ ದಾರಿ ಉಯಿಲು. ಬರೆದವರು ಬದುಕಿರುವವರೆಗೆ ಅದನ್ನು ಬದಲಿಸಬಹುದು, ಮನೆಯೂ ಅವರದಾಗಿಯೇ ಇರುತ್ತದೆ.

ಮಕ್ಕಳಿಗೂ ಹಿರಿಯರಿಗೂ ಒಂದು ಮಾತು

ಮಕ್ಕಳು ರಜೆಯಲ್ಲಿ ಬಂದಾಗ ಅಪ್ಪ ಅವ್ವನನ್ನು ಕೇಳದೆಯೇ ಮನೆಯನ್ನು ಬದಲಿಸಿ ಹೋಗಬಾರದು. ಎಲ್ಲಿ ಹಿಡಿಕೆ ಬೇಕೆಂದು ಆ ಗೋಡೆಯನ್ನು ದಿನವೂ ಸವರಿಕೊಂಡು ನಡೆಯುವ ಕೈಗೆ ಗೊತ್ತು. ಗೋಡೆಯ ಮೇಲೆ ಬಿದ್ದ ಕೈಗುರುತನ್ನು ನೋಡಿದರೆ ಮೇಸ್ತ್ರಿಗೂ ಗೊತ್ತಾಗುತ್ತದೆ. ಹಿರಿಯರಾದರೋ ಊರುಗೋಲನ್ನು, ನೆರೆಯವರ ನೆರವನ್ನು ಅವಮಾನವೆಂದು ತಿಳಿಯಬಾರದು. ಜೀವಮಾನವೆಲ್ಲ ದಾಸೋಹ ನೀಡಿದವರು ಈಗ ಅದನ್ನು ಸ್ವೀಕರಿಸಲು ಸಂಕೋಚಪಟ್ಟರೆ ನೀಡಬೇಕೆಂದಿರುವವರ ಕಾಯಕಕ್ಕೇ ಅಡ್ಡಿಯಾಗುತ್ತದೆ.

ಮನೆಯಲ್ಲೇ ಇರುವುದು ವ್ರತವಲ್ಲ. ನಡಿಗೆ ತೀರ ಕುಗ್ಗಿದವರು, ಡಯಾಲಿಸಿಸ್‌ನಂತಹ ಚಿಕಿತ್ಸೆಯ ಮೇಲಿರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೇಟೆಯ ನೆಂಟರಲ್ಲೋ ಮಕ್ಕಳಲ್ಲೋ ಇದ್ದು, ಕಾಫಿ ಕೊಯ್ಲಿನ ಹೊತ್ತಿಗೆ ಮರಳುವುದು ವಿವೇಕ. ನಾಲ್ಕು ತಿಂಗಳು ಬಿಟ್ಟುಹೋಗಲು ಒಪ್ಪಿದವರಿಗೆ ಉಳಿದ ಎಂಟು ತಿಂಗಳು ಆ ಮನೆ ದಕ್ಕುತ್ತದೆ. ಒಪ್ಪದೆ ಹಟ ಹಿಡಿದವರು ಒಂದೇ ಅವಘಡದಲ್ಲಿ ಹನ್ನೆರಡು ತಿಂಗಳನ್ನೂ ಕಳೆದುಕೊಳ್ಳುವುದನ್ನು ನಾವು ನೋಡಿದ್ದೇವೆ.

ಇಷ್ಟೆಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಿ ಮುಗಿಸಲು ಎಲ್ಲರಿಂದಲೂ ಆಗದು. ಈ ವಾರ ಒಂದು ಕೆಲಸ ಮಾಡಿ. ಇರುಳು ದೀಪ ಹಚ್ಚದೆ ಹಾಸಿಗೆಯಿಂದ ಬಚ್ಚಲಿನವರೆಗೆ ಟಾರ್ಚು ಹಿಡಿದು ನಿಧಾನವಾಗಿ ನಡೆದು, ಕೈ ಎಲ್ಲೆಲ್ಲಿ ಆಸರೆ ಹುಡುಕುತ್ತದೆಯೋ ಅಲ್ಲಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಮರುದಿನವೇ ಗಾರೆ ಮೇಸ್ತ್ರಿಗೆ ಹೇಳಿಕಳುಹಿಸಿ. ಮಳೆ ಕಳೆಯಲಿ ಎಂದು ಮಾತ್ರ ಕಾಯಬೇಡಿ.

ಶರಣು ಶರಣಾರ್ಥಿಗಳೊಂದಿಗೆ,
ಕಾರ್ಯದರ್ಶಿಗಳು, ಶ್ರೀಮಠ